ಹಲವಾಗಲಿನ ಕಾಯಿಪಲ್ಯದ ಬುಟ್ಟಿ

ಹರಪನಹಳ್ಳಿ ಸೀಮೆಯ ಹೆಸರೆತ್ತಿದೊಡನೆ ಪ್ರವಾಸಪ್ರಿಯರ ಕಣ್ಣಮುಂದೆ ಸುಳಿಯುವುದು ಕಲ್ಲಿನ ಚೆಲುವು. ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಬೆಟ್ಟದ ಮೇಲೆ ನಿಂತ ಉಚ್ಚಂಗಿದುರ್ಗ, ಹೊಳೆಯ ಗುಂಟ ಕೆಳಗಿಳಿದರೆ ಕುರುವತ್ತಿಯ ಮಲ್ಲಿಕಾರ್ಜುನನ ಗುಡಿಯ ಮದನಿಕೆಯರು. ಈ ಒಣಸೀಮೆಗೆ ಹಿಂದಿನವರು ಧಾರಾಳವಾಗಿ ಕೊಟ್ಟು ಹೋದ ಸಂಪತ್ತು ಇದು. ಆದರೆ ಗುಡಿಗೋಪುರಗಳ ಹಾದಿಯನ್ನು ಬಿಟ್ಟು, ಹರಪನಹಳ್ಳಿಯಿಂದ ಪಶ್ಚಿಮಕ್ಕೆ ಹೊಳೆಯತ್ತ ಸಾಗುವ ಬಸ್ಸನ್ನು ಏರುವ ಪ್ರವಾಸಿಗರು ವಿರಳ. ಆ ಬಸ್ಸು ಹೋಗಿ ಮುಟ್ಟುವ ಊರೇ ಹಲವಾಗಲು. ಹಲುವಾಗಲು ಎಂದು ಬರೆಯುವವರೂ ಉಂಟು.

ಹಾದಿಯ ಎರಡು ಕಡೆಗೂ ಮಳೆಗಾಲದಲ್ಲಿ ಕಾಣುವುದು ಮೆಕ್ಕೆಜೋಳದ ಹೊಲಗಳೇ. ಒಂದು ಹೊಲ ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು. ನಡುನಡುವೆ ಈರುಳ್ಳಿ, ಸಜ್ಜೆ, ಜೋಳ. ವರ್ಷಕ್ಕೆ ಸುಮಾರು ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಾಡು ಇದು. ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಹಲವಾಗಲು ಸಮೀಪಿಸಿದಂತೆ ನೋಟ ಬದಲಾಗುತ್ತದೆ. ನೆಲ ತಗ್ಗುತ್ತದೆ, ಮಣ್ಣು ಕಪ್ಪಾಗುತ್ತದೆ, ಗಾಳಿಗೆ ತಂಪು ಬರುತ್ತದೆ. ಮುಂದೆ ತುಂಗಭದ್ರೆ. ಕೂಡಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆ ಹೊನ್ನಾಳಿ, ಹರಿಹರಗಳನ್ನು ಹಾದು ಇಲ್ಲಿಗೆ ಬರುತ್ತವೆ. ಆಚೆಯ ದಂಡೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನದು.

ಹೊಳೆಯೇ ಬದಿಯಲ್ಲಿ ಹರಿಯುತ್ತಿರುವ ಊರಿಗೆ ಬಡತನವೆಲ್ಲಿಂದ ಬರಬೇಕು ಎಂದು ಪಟ್ಟಣದಿಂದ ಬಂದವನು ಕೇಳಿದರೆ ಅದು ಸಹಜವೇ. ಉತ್ತರ ಬೇಕಾದವರು ಹೊಳೆಯನ್ನಲ್ಲ, ಸಂತೆಗೆ ಹೊರಟ ಕಾಯಿಪಲ್ಯದ ಬುಟ್ಟಿಯನ್ನು ನೋಡಬೇಕು.

ಕದಲದ ಮನೆ, ಬದಲಾದ ಜಿಲ್ಲೆ

ಈ ಸೀಮೆಯ ಜನ ತಮ್ಮ ಮನೆಯ ಹೊಸಲು ದಾಟದೆಯೇ ಹಲವು ಆಡಳಿತಗಳನ್ನು ಕಂಡವರು. 1953ರವರೆಗೆ ಬಳ್ಳಾರಿ ಜಿಲ್ಲೆಯ ಜೊತೆಗೆ ಮದರಾಸಿಗೆ ಸೇರಿದ್ದ ಹರಪನಹಳ್ಳಿ, ಆ ವರ್ಷ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿಗಳೊಡನೆ ಅದರ ಪಾಲಾಯಿತು. ಅಜ್ಜನ ಪಹಣಿಯಲ್ಲಿ ಒಂದು ಜಿಲ್ಲೆ, ಮಗನದರಲ್ಲಿ ಇನ್ನೊಂದು, ಮೊಮ್ಮಗನದರಲ್ಲಿ ಮತ್ತೊಂದು. ಹೊಲ ಮಾತ್ರ ಅದೇ.

ಈ ಅಲೆದಾಟಕ್ಕೆ ಬೆಲೆಯೂ ತೆರಬೇಕಾಯಿತು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371 (ಜೆ) ವಿಧಿಯ ವಿಶೇಷ ಸೌಲಭ್ಯ 2013ರಲ್ಲಿ ಜಾರಿಗೆ ಬಂದಾಗ ಬಳ್ಳಾರಿ ಅದರೊಳಗಿತ್ತು. ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಹೊರಗುಳಿಯಿತು. ತಾಲ್ಲೂಕು ಬಳ್ಳಾರಿಗೆ ಮರಳಿದ ಮೇಲೆಯೇ ಆ ಬಾಗಿಲು ತೆರೆದದ್ದು. ಆದರೂ ದಾವಣಗೆರೆಯ ನಂಟಿನಿಂದ ಒಂದು ಲಾಭವಾಗಿತ್ತು. 2006ರಲ್ಲಿ ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ದೇಶದ ಮೊದಲ 200 ಜಿಲ್ಲೆಗಳಲ್ಲಿ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದಾಗಿತ್ತು. ಅದಕ್ಕೂ ಮೊದಲು, 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯನ್ನು ಕೊಟ್ಟಾಗ ಹರಪನಹಳ್ಳಿಯ ಹೆಸರು ಅದರಲ್ಲಿತ್ತು.

ಹಿಂದುಳಿದಿರುವುದೆಂದರೆ ಇಲ್ಲಿ ಏನು ಎಂಬುದು ಸುಗ್ಗಿಯ ನಂತರ ಕಾಣುತ್ತದೆ. ಮೆಕ್ಕೆಜೋಳ ಮುರಿದು, ಸಾಲಗಾರನ ಬಾಯಿಗೆ ಹಾಕಿ, ಉಳಿದುದನ್ನು ಎಣಿಸಿ ಮುಗಿಸುವಷ್ಟರಲ್ಲಿ ಹಲವು ತಾಂಡಾಗಳ, ಹಳ್ಳಿಗಳ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಕೆಲವರು ಮಂಡ್ಯದ ಕಡೆಗೆ ಕಬ್ಬು ಕಡಿಯಲು, ಇನ್ನು ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಮುದುಕರೂ ಮಕ್ಕಳೂ ಊರಲ್ಲಿ ಉಳಿಯುತ್ತಾರೆ. ಕೆಲವೊಮ್ಮೆ ಮಕ್ಕಳ ಪಾಟಿಚೀಲವೂ ಗಂಟಿನೊಡನೆ ಹೊರಡುತ್ತದೆ. ಊರು ಬಿಡುವ ಈ ಕಾಲವನ್ನು ಒಂದೆರಡು ತಿಂಗಳು ಮುಂದೂಡುವ, ಅದೃಷ್ಟವಿದ್ದರೆ ತಪ್ಪಿಸುವ ಶಕ್ತಿ ಕಾಯಿಪಲ್ಯದ ಮಡಿಗೆ ಉಂಟು. ಆದುದರಿಂದಲೇ ಅದರ ಲೆಕ್ಕ ಇಷ್ಟು ಮುಖ್ಯ.

ನೀರಿನ ಲೆಕ್ಕ

ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. ನಲವತ್ತು ಗುಂಟೆಗೆ ಒಂದು ಎಕರೆ. ನಮ್ಮ ದೇಶದ ತರಕಾರಿಯ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 18 ಟನ್ನು. ಅಂದರೆ ಒಂದು ಗುಂಟೆಗೆ ಸುಮಾರು 180 ಕೆ.ಜಿ. ಮನುಷ್ಯನೊಬ್ಬ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣುತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಮಂದಿಯ ಮನೆಗೆ ಅದು ದಿನಕ್ಕೆ ಎರಡು ಕೆ.ಜಿ., ವರ್ಷಕ್ಕೆ 730 ಕೆ.ಜಿ. ಹಾಗಾದರೆ ನಾಲ್ಕು ಗುಂಟೆ, ಎಂದರೆ ಎಕರೆಯ ಹತ್ತನೆಯ ಒಂದು ಪಾಲು, ಇಡೀ ಮನೆಯ ತಟ್ಟೆಯನ್ನು ಹಸಿರಾಗಿಡಬಲ್ಲದು! ಎರಡೆಕರೆಯ ಒಡೆಯನಿಗೆ ನಾಲ್ಕು ಗುಂಟೆ ದೊಡ್ಡದೇನಲ್ಲ. ಕಾಗದದ ಮೇಲೆ ಬಡತನವನ್ನು ಗೆಲ್ಲುವುದು ಎಷ್ಟು ಸುಲಭ!

ಆದರೆ ನಾಲ್ಕು ಗುಂಟೆ ತರಕಾರಿಗೆ ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಬೇಕೆಂದಿಟ್ಟುಕೊಂಡರೆ, ಅದು ಎರಡು ಸಾವಿರ ಲೀಟರಿನಷ್ಟಾಗುತ್ತದೆ. ಹದಿನೈದು ಲೀಟರಿನ ಕೊಡದಲ್ಲಿ ಹೊತ್ತು ಹಾಕುವುದಾದರೆ ನೂರಮೂವತ್ತಕ್ಕೂ ಹೆಚ್ಚು ಕೊಡ, ಪ್ರತಿದಿನ! ಮನೆಯ ಬಚ್ಚಲ ನೀರನ್ನು ಹಿತ್ತಲಿಗೆ ಹರಿಯಬಿಡಬಹುದಲ್ಲ ಎನ್ನುವವರಿದ್ದಾರೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ತಲೆಗೆ 55 ಲೀಟರಿನಂತೆ ನಲ್ಲಿಯ ನೀರನ್ನು ಗೊತ್ತುಮಾಡಿದೆ. ಐದು ಮಂದಿಗೆ 275 ಲೀಟರು. ಕುಡಿದು, ಬೇಯಿಸಿ ಉಳಿದುದೆಲ್ಲವನ್ನೂ ಹಿತ್ತಲಿಗೆ ಬಿಟ್ಟರೂ ಅರ್ಧ ಗುಂಟೆಯಷ್ಟು ನೆಲವೂ ಪೂರ್ತಿ ನೆನೆಯದು. ನಾಲ್ಕು ಬದನೆ ಗಿಡ, ಒಂದು ಹೀರೆಯ ಬಳ್ಳಿ, ಒಂದು ಕರಿಬೇವು, ಒಂದು ನುಗ್ಗೆ. ಬಚ್ಚಲ ನೀರಿನ ಸಾಮ್ರಾಜ್ಯ ಅಲ್ಲಿಗೆ ಮುಗಿಯುತ್ತದೆ.

ಇನ್ನು ಹೊಳೆಯ ನೀರು. ಅದು ಎಲ್ಲರದೂ ಹೌದು, ಯಾರದೂ ಅಲ್ಲ. ದಂಡೆಯಲ್ಲಿ ಹೊಲವುಳ್ಳವನು ಪಂಪು ಇಟ್ಟು, ಪೈಪು ಹಾಸಿ, ಭತ್ತ ನಾಟಿ ಮಾಡುತ್ತಾನೆ. ಈಚೆಗೆ ಅಡಿಕೆಯನ್ನೂ ಇಡುತ್ತಾನೆ. ಹೊಳೆಯಿಂದ ಮೇಲಕ್ಕೆ, ಕೆಂಪು ನೆಲದಲ್ಲಿ ಎರಡೆಕರೆ ಇರುವವನ ಹೊಲಕ್ಕೆ ಹೊಳೆಯ ತಂಪು ಗಾಳಿ ಮಾತ್ರ ಬರುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ರಾಜ್ಯ ಸರ್ಕಾರ ವಿದ್ಯುತ್ತನ್ನು ಉಚಿತವಾಗಿ ಕೊಡುತ್ತಿದೆಯಾದರೂ, ಪಂಪೇ ಇಲ್ಲದವನಿಗೆ ಉಚಿತ ವಿದ್ಯುತ್ತಿನಿಂದ ಆಗಬೇಕಾದುದೇನು? ಕೊಳವೆ ಬಾವಿ ಕೊರೆಸಿದರೆ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಸಿಗದಿದ್ದರೆ ಸಾಲ ಮಾತ್ರ ಖಂಡಿತ. ತುಂಗಭದ್ರೆಯಿಂದ ನೀರೆತ್ತಿ ತಾಲ್ಲೂಕಿನ 60 ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡುದರ ಮಹತ್ತ್ವ ಇಲ್ಲಿದೆ. ಕೆರೆಗೆ ನೀರು ಬಂದರೆ ಸುತ್ತಲಿನ ಬಾವಿಗಳಿಗೆ ಸೆಲೆ ಬರುತ್ತದೆ. ಬಾವಿಗೆ ಸೆಲೆ ಬಂದರೆ ನಾಲ್ಕು ಗುಂಟೆಯ ಕನಸು ಕಾಗದದಿಂದ ನೆಲಕ್ಕಿಳಿಯುತ್ತದೆ.

ನೀರಿನ ಕೊರತೆಯಂತೆ ಅದರ ಅತಿಯೂ ಇಲ್ಲಿನವರಿಗೆ ಗೊತ್ತು. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗ ದಂಡೆಯ ಹೊಲಗಳು ನೀರಿನಡಿಯಾದವು. ವರ್ಷವಿಡೀ ಮೋಡವನ್ನು ನೋಡುತ್ತಾ ಕುಳಿತವನ ಬೆಳೆಯನ್ನು ಮೂರು ದಿನದ ಹೊಳೆ ಕೊಚ್ಚಿಕೊಂಡು ಹೋಗುವುದು ವಿಧಿಯ ವಿಪರೀತ ವಿನೋದವೆನ್ನಬೇಕು.

ವಾರದ ದುಡ್ಡು, ವಾರದ ಕಂತು

ಮೆಕ್ಕೆಜೋಳ ನಾಲ್ಕು ತಿಂಗಳ ಬೆಳೆ. ಮಳೆಯಾಶ್ರಿತ ಹೊಲದಲ್ಲಿ ಅದರ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ; ಬಂದ ದಿನವೇ ಗೊಬ್ಬರದ ಅಂಗಡಿಯ ದಾರಿ ಹಿಡಿಯುತ್ತದೆ. ಕಾಯಿಪಲ್ಯದ ಸ್ವಭಾವವೇ ಬೇರೆ. ಮೆಂತ್ಯದ ಸೊಪ್ಪು ಬಿತ್ತಿದ ತಿಂಗಳೊಳಗೆ ಕೈಗೆ ಬರುತ್ತದೆ. ಕೊತ್ತಂಬರಿಗೆ ನಲವತ್ತು ದಿನ ಸಾಕು. ಬೆಂಡೆ ಒಂದೂವರೆ ತಿಂಗಳಿಗೆ ಕಾಯಿ ಬಿಡಲು ತೊಡಗಿದರೆ ದಿನ ಬಿಟ್ಟು ದಿನ ಹರಿಯಬೇಕು. ಒಂದು ದಿನ ಮರೆತರೆ ನಾರಾಗುತ್ತದೆ. ಬದನೆ ತಡವಾಗಿ ಬಂದರೂ ತಿಂಗಳುಗಟ್ಟಲೆ ಕೊಡುತ್ತಲೇ ಇರುತ್ತದೆ. ಹೀಗೆ ನಾಲ್ಕಾರು ಬಗೆಯನ್ನು ಕೂಡಿಸಿ ಹಾಕಿದ ಮಡಿಯಿಂದ ವಾರವಾರವೂ ಒಂದು ಬುಟ್ಟಿ ಸಂತೆಗೆ ಹೊರಡುತ್ತದೆ.

ನೆರೆಯ ಹೂವಿನ ಹಡಗಲಿಯವರು ಈ ಗುಟ್ಟನ್ನು ಬಹಳ ಹಿಂದೆಯೇ ಅರಿತವರು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯ ಬಲವಿರುವುದು ಅದರ ಪರಿಮಳದಲ್ಲಿ ಮಾತ್ರವಲ್ಲ. ಚಿಕ್ಕ ತುಂಡು ನೆಲದಿಂದ, ಹಂಗಾಮಿನ ದಿನಗಳಲ್ಲಿ ಪ್ರತಿದಿನ ನಾಲ್ಕು ಕಾಸು ತರುವ ಅದರ ಗುಣದಲ್ಲಿ. ಮಲ್ಲಿಗೆಯಂತೆಯೇ ಕಾಯಿಪಲ್ಯವೂ ಬೇಗ ಬಾಡುವ ವಸ್ತು. ಬೇಗ ಬಾಡುವುದರಿಂದಲೇ ಅದು ಬೇಗ ದುಡ್ಡಾಗಬೇಕು.

ಆ ದುಡ್ಡು ಮೊದಲು ಸೇರುವುದು ಮನೆಯ ಹೆಂಗಸಿನ ಕೈಗೆ. 2023ರ ಜೂನ್ ತಿಂಗಳಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಖರ್ಚಿಲ್ಲವಾದುದು ಈ ಬುಟ್ಟಿಯ ಲೆಕ್ಕಕ್ಕೆ ದೊಡ್ಡ ಸಹಾಯ. ಅಷ್ಟು ಸಣ್ಣ ವ್ಯಾಪಾರದಲ್ಲಿ ಹೋಗಿಬರುವ ಚಾರ್ಜೇ ಲಾಭದ ಒಂದು ಪಾಲನ್ನು ನುಂಗುತ್ತಿತ್ತು. ಸಂತೆಯಲ್ಲಿ ಚೀಲ ಹಾಸಿ, ಬದನೆಕಾಯಿಯನ್ನು ಗುಂಪುಗುಂಪಾಗಿ ಜೋಡಿಸಿ ಕೂರುವ ಅವಳ ವ್ಯಾಪಾರಕ್ಕೆ ತಕ್ಕಡಿಗಿಂತ ಮಾತೇ ಮುಖ್ಯ.

“ಎವ್ವಾ, ಬದನಿಕಾಯಿ ಹೆಂಗ?”

“ಗುಂಪಿಗೆ ಹತ್ತು ರೂಪಾಯಿ ತಾಯಿ. ಮುಂಜಾನಿ ಹರಕೊಂಡು ಬಂದೀನಿ, ಮುಟ್ಟಿ ನೋಡು.”

“ಎರಡು ಗುಂಪಿಗೆ ಹದಿನೈದು ಕೊಡ್ತೀನಿ.”

“ಆಗಂಗಿಲ್ಲವ್ವಾ. ಬೇಕಾದರ ಒಂದೆರಡು ಕಾಯಿ ಮ್ಯಾಲೆ ಹಾಕ್ತೀನಿ.”

ಇಂಥ ಮಾತುಗಳಲ್ಲಿ ಮುಂಜಾನೆ ಕಳೆದು, ಮಧ್ಯಾಹ್ನದ ಹೊತ್ತಿಗೆ ಸೆರಗಿನ ಗಂಟು ತುಸು ಭಾರವಾಗುತ್ತದೆ. ಆದರೆ ಆ ಗಂಟಿಗೆ ಕಾದಿರುವವರೂ ಉಂಟು. ಹೆಂಗಸರ ಗುಂಪುಗಳಿಗೆ ಸಾಲ ಕೊಡುವ ಸಂಸ್ಥೆಗಳ ಕಂತು ಅನೇಕ ಕಡೆ ವಾರಕ್ಕೊಮ್ಮೆ ಬರುತ್ತದೆ. ವರ್ಷಕ್ಕೊಮ್ಮೆ ಬೆಳೆ ಬರುವ ನಾಡಿನಲ್ಲಿ ವಾರಕ್ಕೊಮ್ಮೆ ಕಂತು! ಈ ವಿಷಮತೆಯನ್ನು ತುಂಬಿಕೊಡುವುದು ಕೂಲಿ, ಹಾಲು, ಇಲ್ಲವೇ ಕಾಯಿಪಲ್ಯ. ವಸೂಲಿಯ ಕಿರುಕುಳ ಅತಿಯಾದಾಗ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಂತಿನ ದಿನ ಬೆಂಡೆಕಾಯಿಯ ಬುಟ್ಟಿ ಮಾರಾಟವಾಗದೆ ಉಳಿಯುವುದೆಂದರೆ ಏನೆಂಬುದನ್ನು ಆ ಸುಗ್ರೀವಾಜ್ಞೆಯ ಹಿನ್ನೆಲೆಯಲ್ಲಿ ಊಹಿಸಿಕೊಳ್ಳಬಹುದು.

ಬೆಳೆಯನ್ನೇ ನಂಬಿ ಬದುಕುವ ರೈತನೆಂಬ ಚಿತ್ರ ಪಟ್ಟಣದವರ ಮನಸ್ಸಿನಲ್ಲಿ ಇನ್ನೂ ಮಾಸಿಲ್ಲ. 2018-19ರ ಕೃಷಿ ವರ್ಷಕ್ಕೆ ಸಂಬಂಧಿಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆ ಬೇರೆಯದೇ ಚಿತ್ರವನ್ನು ಕೊಟ್ಟಿತು. ದೇಶದ ಸರಾಸರಿ ರೈತ ಕುಟುಂಬದ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಕೂಲಿ-ಸಂಬಳದಿಂದ ಬಂದುದು 4,063. ಬೆಳೆಯಿಂದ ಬಂದುದು 3,798. ಅಂದರೆ ಹೊಲವುಳ್ಳವನೂ ಹೊಲಕ್ಕಿಂತ ಹೆಚ್ಚಾಗಿ ತನ್ನ ರಟ್ಟೆಯನ್ನೇ ನಂಬಿದ್ದಾನೆ. ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಸಾಲದಲ್ಲಿದ್ದವು. ಸರಾಸರಿ ಸಾಲ 74,121 ರೂಪಾಯಿ.

ದೂರದ ಪೇಟೆಯ ಆಸೆ

ಬುಟ್ಟಿಯ ವ್ಯಾಪಾರದಿಂದ ಹೊಟ್ಟೆ ತುಂಬಬಹುದು, ಮಗಳ ಮದುವೆಯಾಗದು. ಹೀಗಾಗಿ ಸ್ವಲ್ಪ ನೀರು ಕಂಡವನಿಗೆ ಬುಟ್ಟಿಯನ್ನು ಬಿಟ್ಟು ಲಾರಿಯ ಕಡೆಗೆ ನೋಡುವ ಆಸೆ ಹುಟ್ಟುತ್ತದೆ. ನಾಲ್ಕಾರು ಬಗೆಯ ಮಡಿಯನ್ನು ಕಿತ್ತು, ಅರ್ಧ ಎಕರೆಗೋ ಒಂದು ಎಕರೆಗೋ ಟೊಮೆಟೊ ಒಂದನ್ನೇ ನಾಟಿ ಮಾಡುತ್ತಾನೆ. ನರ್ಸರಿಯ ಸಸಿ, ಗೂಟ, ದಾರ, ಔಷಧಿ, ಗೊಬ್ಬರ. ಎಲ್ಲಕ್ಕೂ ಮೊದಲೇ ದುಡ್ಡು ಸುರಿಯಬೇಕು. ಬಿಳಿನೊಣ ತರುವ ಎಲೆಮುದುಡು ರೋಗ ಒಂದು ಕಡೆ. 2014ರಲ್ಲಿ ಭಾರತಕ್ಕೆ ಕಾಲಿಟ್ಟ ಎಲೆ ಕೊರೆಯುವ ಟ್ಯೂಟಾ ಹುಳು ಇನ್ನೊಂದು ಕಡೆ. ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ತೋಟಗಾರಿಕಾ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಮೂರು ರೋಗಗಳನ್ನು ತಾಳಿಕೊಳ್ಳುವ ‘ಅರ್ಕಾ ರಕ್ಷಕ್’ನಂಥ ತಳಿಯನ್ನು ಕೊಟ್ಟು ದೊಡ್ಡ ಉಪಕಾರ ಮಾಡಿದ್ದಾರೆ. ಆದರೆ ಬೆಲೆಯೆಂಬ ರೋಗವನ್ನು ತಾಳಿಕೊಳ್ಳುವ ತಳಿ ಇನ್ನೂ ಹುಟ್ಟಿಲ್ಲ.

2023ರ ಜುಲೈ ತಿಂಗಳನ್ನು ಪಟ್ಟಣದ ಗೃಹಿಣಿಯರು ಮರೆತಿರಲಾರರು. ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿಯನ್ನು ದಾಟಿ, ಕೆಲವೆಡೆ ಇನ್ನೂರನ್ನು ಮುಟ್ಟಿತ್ತು. ಸಾರಿಗೆ ಹುಣಿಸೆಹಣ್ಣು ಮರಳಿ ಬಂದ ಕಾಲ ಅದು. ಪತ್ರಿಕೆಗಳ ತುಂಬ ಅದೇ ಸುದ್ದಿ, ಮನೆಮನೆಯಲ್ಲಿ ಅದೇ ನಗೆಚಾಟಿಕೆ. ಆ ಬೆಲೆಯನ್ನು ಕಂಡು ಎಷ್ಟೋ ರೈತರು ಸಸಿ ನೆಟ್ಟರು. ಗಿಡ ಕಾಯಿ ಬಿಡುವಷ್ಟರಲ್ಲಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಬೆಲೆ ನೆಲಕಚ್ಚಿ ಹಣ್ಣನ್ನು ರಸ್ತೆಯ ಬದಿಗೆ ಸುರಿಯುವ ದಿನ ಬಂತು. ಆ ಸುದ್ದಿಗೆ ಪತ್ರಿಕೆಗಳಲ್ಲಿ ಅಷ್ಟು ಜಾಗ ಸಿಗಲಿಲ್ಲ. ಕೆ.ಜಿ.ಗೆ ಮೂರು ನಾಲ್ಕು ರೂಪಾಯಿ ಸಿಕ್ಕರೆ ಬಿಡಿಸುವ ಕೂಲಿ, ಬಾಕ್ಸಿನ ಖರ್ಚು, ಲಾರಿಯ ಬಾಡಿಗೆ, ಹಮಾಲಿ ಇಷ್ಟಕ್ಕೇ ಅದು ಸಾಲದು. ಹಣ್ಣನ್ನು ಗಿಡದಲ್ಲೇ ಕೊಳೆಯಬಿಡುವುದು ಕಡಿಮೆ ನಷ್ಟದ ದಾರಿಯಾಗುತ್ತದೆ.

ಈರುಳ್ಳಿಯ ಕಥೆಯೂ ಇಂಥದೇ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ರೈತರು ಮುಂಗಾರಿನ ಈರುಳ್ಳಿಯನ್ನು ಚೀಲ ತುಂಬಿ ಬೆಂಗಳೂರಿನ ಯಶವಂತಪುರದವರೆಗೂ ಕಳಿಸುತ್ತಾರೆ. ಬೆಲೆ ಏರಿದಾಗ ದೆಹಲಿಯ ಕಿವಿಗೆ ಬೇಗ ಬೀಳುತ್ತದೆ; 2019ರಲ್ಲೂ 2023ರ ಡಿಸೆಂಬರಿನಲ್ಲೂ ರಫ್ತನ್ನು ನಿಷೇಧಿಸಲಾಯಿತು. ಬೆಲೆ ಇಳಿದಾಗ ಆ ಕಿವಿ ಅಷ್ಟು ಚುರುಕಾಗಿ ಕೇಳುವುದಿಲ್ಲವೆಂಬುದು ಬೆಳೆಗಾರರ ಹಳೆಯ ದೂರು. ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಳ ಬೆಲೆಯ ಏರಿಳಿತವನ್ನು ತಗ್ಗಿಸಲೆಂದು 2018-19ರ ಕೇಂದ್ರ ಬಜೆಟ್ಟಿನಲ್ಲಿ 500 ಕೋಟಿ ರೂಪಾಯಿಯ ಯೋಜನೆಯೊಂದು ಪ್ರಕಟವಾಗಿತ್ತು. ಅದಾದ ಐದು ವರ್ಷಗಳ ಮೇಲೆಯೇ 2023ರ ಆ ಏರಿಳಿತ ನಡೆದದ್ದು.

ಹಾಗಾದರೆ ಗ್ರಾಹಕ ಕೊಟ್ಟ ದುಡ್ಡು ಎಲ್ಲಿ ಹೋಗುತ್ತದೆ? 2024ರಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸಿದ ಅಧ್ಯಯನವೊಂದು ಇದರ ಲೆಕ್ಕ ಹಾಕಿದೆ. ಟೊಮೆಟೊಗೆ ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಸೇರುವುದು ಸುಮಾರು 33 ಪೈಸೆ. ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದುದು ದಲ್ಲಾಳಿ, ಸಗಟು ವ್ಯಾಪಾರಿ, ಲಾರಿ, ಕೊಳೆತು ಹೋದ ಮಾಲು, ಕೊನೆಗೆ ತಳ್ಳುಗಾಡಿಯವನು, ಹೀಗೆ ಹಂಚಿಹೋಗುತ್ತದೆ. ಇವರೆಲ್ಲರನ್ನೂ ಖಳರೆನ್ನುವುದು ನ್ಯಾಯವಲ್ಲ, ತಳ್ಳುಗಾಡಿಯವನೂ ಬಡವನೇ. ಆದರೆ ಮಳೆ, ಹುಳು, ಸಾಲ ಮೂರರ ಅಪಾಯವನ್ನೂ ತಲೆಯ ಮೇಲೆ ಹೊತ್ತವನಿಗೆ ಮೂರನೆಯ ಒಂದು ಪಾಲು, ಅದೂ ಖರ್ಚು ಕಳೆಯುವ ಮೊದಲು!

ಸಂತೆಯ ಚೀಲದ ಮೇಲೆ ಕೂತ ಹೆಂಗಸಿನ ಲೆಕ್ಕವನ್ನು ಇದರ ಪಕ್ಕಕ್ಕೆ ಇಟ್ಟು ನೋಡಬೇಕು. ಅವಳ ಬದನೆಕಾಯಿಯ ಹತ್ತು ರೂಪಾಯಿ ಪೂರ್ತಿ ಹತ್ತು ರೂಪಾಯಿಯಾಗಿಯೇ ಅವಳ ಸೆರಗಿಗೆ ಬರುತ್ತದೆ. ವ್ಯಾಪಾರ ಚಿಕ್ಕದು, ಪಾಲು ದೊಡ್ಡದು. ಬೆಂಗಳೂರಿನಲ್ಲಿ ತೋಟಗಾರಿಕೆಯ ಹಿರಿಯರಾದ ಡಾ. ಎಂ. ಎಚ್. ಮರೀಗೌಡರ ಪ್ರೇರಣೆಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ, ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾದ ಸಂಸ್ಥೆಯ ತತ್ತ್ವವೂ ಇದೇ ಆಗಿತ್ತು: ಬೆಳೆದವನಿಗೂ ತಿನ್ನುವವನಿಗೂ ನಡುವಿನ ದೂರವನ್ನು ಕಡಿಮೆ ಮಾಡುವುದು. ಹಲವಾಗಲಿನಂಥ ದೂರದ ಊರುಗಳಿಗೆ ಆ ಕೆಲಸವನ್ನು ಇಂದಿಗೂ ಮಾಡುತ್ತಿರುವುದು ವಾರದ ಸಂತೆಯೇ.

ಆಚೆ ದಂಡೆಯ ಬೀಜ

ಹೊಳೆಯ ಆಚೆಗೆ ನೋಡಿದರೆ ಕಾಯಿಪಲ್ಯದ ಇನ್ನೊಂದು ಲೋಕವೇ ಕಾಣುತ್ತದೆ. ರಾಣೆಬೆನ್ನೂರು ಸೀಮೆ ತರಕಾರಿಗಿಂತ ಹೆಚ್ಚಾಗಿ ತರಕಾರಿಯ ಬೀಜಕ್ಕೆ ಹೆಸರಾದುದು. 1965ರಲ್ಲಿ ಡಾ. ಮನಮೋಹನ ಅತ್ತಾವರರು ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ ‘ಕರ್ನಾಟಕ’ವೆಂಬ ಹೈಬ್ರಿಡ್ ಟೊಮೆಟೊವನ್ನು ಹೊರತಂದಿತು. ಅಲ್ಲಿಂದ ಮುಂದೆ ಹೈಬ್ರಿಡ್ ಬೀಜದ ಉದ್ಯಮ ಬೆಳೆಯುತ್ತ ಹೋದಂತೆ ರಾಣೆಬೆನ್ನೂರಿನ ಸಣ್ಣ ಹಿಡುವಳಿಗಳು ಅದರ ದೊಡ್ಡ ನೆಲೆಯಾದವು.

ಆ ಕೆಲಸದ ನಾಜೂಕನ್ನು ಕಣ್ಣಾರೆ ಕಂಡವರು ಬೀಜದ ಪೊಟ್ಟಣಕ್ಕೆ ಅಷ್ಟೊಂದು ಬೆಲೆಯೇಕೆ ಎಂದು ಮತ್ತೆ ಕೇಳಲಾರರು. ನಾಳೆ ಅರಳಲಿರುವ ಟೊಮೆಟೊ ಮೊಗ್ಗನ್ನು ಹಿಂದಿನ ದಿನವೇ ಚಿಮುಟದಿಂದ ಬಿಡಿಸಿ, ಒಳಗಿನ ಗಂಡು ಕೇಸರವನ್ನು ಮಾತ್ರ ತೆಗೆಯಬೇಕು. ಮರುದಿನ ಬೇರೆ ತಳಿಯ ಪರಾಗವನ್ನು ಬೆರಳಿನ ಉಂಗುರದಂಥ ಪುಟ್ಟ ಬಟ್ಟಲಲ್ಲಿ ಹಿಡಿದು, ಹೂವಿನಿಂದ ಹೂವಿಗೆ ಹೋಗಿ ಮುಟ್ಟಿಸಬೇಕು. ದಿನವಿಡೀ ಬಗ್ಗಿ, ಒಂದೊಂದು ಹೂವಿಗೂ ಎರಡೆರಡು ಸಲ. ಹೆಚ್ಚಿನದು ಹೆಂಗಸರ ಕೆಲಸ. ಪುಟ್ಟ ಬೆರಳು ಬೇಕೆಂಬ ನೆಪದಲ್ಲಿ ಮಕ್ಕಳನ್ನೂ ಇದಕ್ಕೆ ತೊಡಗಿಸುತ್ತಿದ್ದಾರೆಂಬ ಆಕ್ಷೇಪ ಬೀಜೋದ್ಯಮದ ಮೇಲೆ ಬಂದದ್ದುಂಟು. ಕಂಪನಿ ಮೊದಲೇ ಒಪ್ಪಿದ ಬೆಲೆ ಸಿಗುವುದು ಇದರ ಗುಣ; ಬೀಜ ಮೊಳಕೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಮಾಲು ಮರಳಿ ಬರುವುದು ಇದರ ಭಯ.

ಬೀಜವನ್ನು ಹುಟ್ಟಿಸಿದ ಕೈಗೆ ಅದು ಮತ್ತೆ ದೊರೆಯುವುದು ಅಂಗಡಿಯ ಪೊಟ್ಟಣದಲ್ಲಿ, ಗ್ರಾಂ ಲೆಕ್ಕದ ಬೆಲೆಗೆ. ಹೈಬ್ರಿಡ್ ಗಿಡದ ಹಣ್ಣಿನಿಂದ ಬೀಜ ಉಳಿಸಿ ಬಿತ್ತಿದರೆ ತಾಯಿಯ ಗುಣ ಬಾರದು. ಪ್ರತಿ ವರ್ಷವೂ ಕೊಳ್ಳಲೇಬೇಕು. ಈ ದಂಡೆಯ ಬಡವಿಗೆ ಬೀಜವೂ ಒಂದು ಕಂತೇ ಆಗುತ್ತದೆ.

ತಟ್ಟೆಯ ಪಕ್ಕದ ಖಾಲಿ ಜಾಗ

ಈ ಎಲ್ಲ ಲೆಕ್ಕಗಳ ನಡುವೆ ಮರೆಯುವ ಒಂದು ಲೆಕ್ಕವುಂಟು. ಬೆಳೆದವರು ಏನು ತಿನ್ನುತ್ತಾರೆ? ಇಂದು ಬಡವನ ಮನೆಯಲ್ಲಿ ಹಿಂದಿನಂತೆ ಒಲೆ ಹೊತ್ತದ ದಿನಗಳು ಕಡಿಮೆಯಾಗಿವೆ. 1876-78ರ ಭೀಕರ ಬರದಲ್ಲಿ ತತ್ತರಿಸಿದ ಬಳ್ಳಾರಿ ಸೀಮೆಗೆ ಇದು ಸಣ್ಣ ಮಾತಲ್ಲ. 2013ರಿಂದ ಅನ್ನಭಾಗ್ಯದ ಅಕ್ಕಿ ಪಡಿತರದ ಅಂಗಡಿಯಿಂದ ಬರುತ್ತಿದೆ. ಆದರೆ ಪಡಿತರದ ಅಂಗಡಿಯಲ್ಲಿ ಬದನೆಕಾಯಿ ಸಿಗುವುದಿಲ್ಲ. ತಟ್ಟೆಯ ನಡುವೆ ಅನ್ನ ತುಂಬಿದೆ. ಪಕ್ಕದ ಜಾಗ ಖಾಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಶೇಕಡಾ 65.5. ರಕ್ತಹೀನತೆಗೆ ಕಾರಣಗಳು ಹಲವು. ಬರಿಯ ಅನ್ನದ ತಟ್ಟೆಯೂ ಅವುಗಳಲ್ಲಿ ಒಂದು.

ನೀಟಾದ ಕಾಯಿ ಸಂತೆಗೆ, ಹುಳುಕು ಮನೆಗೆ. ಬಡ ಬೆಳೆಗಾರರ ಅಲಿಖಿತ ನಿಯಮ ಇದು. ಕಂತಿನ ವಾರ ಬಿಗಿಯಾದರೆ ಹುಳುಕೂ ಸಂತೆಗೇ ಹೋಗುತ್ತದೆ. ಮನೆಯಲ್ಲಿ ಖಾರದ ಪುಡಿ, ಈರುಳ್ಳಿ, ರೊಟ್ಟಿ. ಟೊಮೆಟೊ ಒಂದನ್ನೇ ನಂಬಿದವನ ಮನೆಯ ಸ್ಥಿತಿ ಇನ್ನೂ ವಿಚಿತ್ರ. ಅವನ ಹೊಲದಲ್ಲಿ ಟನ್ನುಗಟ್ಟಲೆ ತರಕಾರಿ. ಅವನ ಹೆಂಡತಿ ಸಂತೆಯಲ್ಲಿ ಕಾಲು ಕೆ.ಜಿ. ಬೆಂಡೆ ಕೊಳ್ಳುತ್ತಾಳೆ. ಹಲವು ಬಗೆಯ ಮಡಿಯುಳ್ಳವಳಿಗೆ ಈ ಕೊಳ್ಳುವ ಪಾಡಿಲ್ಲ. ಮಾರಾಟವಾಗದೆ ಉಳಿದ ಒಂದು ಹಿಡಿ ಸೊಪ್ಪು, ನಾಲ್ಕು ಬದನೆ ಬುಟ್ಟಿಯ ತಳದಲ್ಲಿ ಮನೆಗೆ ಮರಳುತ್ತವೆ. ಸಂತೆಯ ಲೆಕ್ಕದಲ್ಲಿ ಅದು ನಷ್ಟ; ಮಕ್ಕಳ ತಟ್ಟೆಯಲ್ಲಿ ಲಾಭ. ಟೊಮೆಟೊ ಬೆಲೆ ಕುಸಿದರೆ ಒಂದು ಎಕರೆ ಪೂರ್ತಿ ಮುಳುಗುತ್ತದೆ. ಆರು ಬಗೆಯ ಮಡಿಯಲ್ಲಿ ಒಂದು ಮುಳುಗಿದರೆ ಐದು ತೇಲುತ್ತವೆ. ಈ ಮಡಿ ಯಾರನ್ನೂ ಸಾಹುಕಾರನನ್ನಾಗಿ ಮಾಡಿದ್ದಿಲ್ಲ, ಮಾಡುವುದೂ ಇಲ್ಲ. ಆದರೆ ಕಾಫಿ ತೋಟಕ್ಕೆ ಹೊರಡುವ ಗಂಟನ್ನು ಒಂದು ವರ್ಷ ಕಟ್ಟದಂತೆ ಮಾಡುವ ಶಕ್ತಿ ಅದಕ್ಕಿದ್ದರೆ, ಅದನ್ನು ಸಣ್ಣದೆನ್ನಲು ಯಾರಿಗೆ ಬಾಯಿ ಬಂದೀತು? ಅದಕ್ಕೆ ಬೇಕಾದುದು ದೊಡ್ಡ ಯೋಜನೆಯ ಬೆರಗಲ್ಲ. ಬೇಸಿಗೆಯ ಮೂರು ತಿಂಗಳು ನಾಲ್ಕು ಗುಂಟೆಯನ್ನು ನೆನೆಸುವಷ್ಟು ನೀರು, ಬಿಸಿಲು ಮಳೆಗೆ ನೆರಳುಳ್ಳ ಸಂತೆಯ ಕಟ್ಟೆ, ಬೆಳೆಯ ಕಾಲವನ್ನು ನೋಡಿ ಬರುವ ಕಂತು.

ಸಂಜೆಯ ಬಸ್ಸು ಹಲವಾಗಲಿನಲ್ಲಿ ನಿಂತಾಗ ಖಾಲಿ ಬುಟ್ಟಿಗಳನ್ನು ಸೊಂಟಕ್ಕೆ ಆನಿಸಿಕೊಂಡು ಹೆಂಗಸರು ಇಳಿಯುತ್ತಾರೆ. ಹೊಳೆಯ ಮೇಲೆ ಬೆಳಕು ಇಳಿಮುಖವಾಗಿರುತ್ತದೆ. ಇಂಥ ಮನೆಗಳ ಅಡಿಗೆಯ ಕೋಣೆಯಲ್ಲಿ, ಒಲೆಯ ಹೊಗೆ ತಾಗುವ ಜಾಗದಲ್ಲಿ, ಬಳ್ಳಿಯಲ್ಲೇ ಬಲಿತು ಒಣಗಿದ ಒಂದು ಹೀರೆಕಾಯಿ ತೂಗುತ್ತಿರುತ್ತದೆ. ಬಳ್ಳಿಯ ಮೊದಲ ಒಳ್ಳೆಯ ಕಾಯಿಯನ್ನು ಮಾರದೆ, ತಿನ್ನದೆ ಬಿಟ್ಟುದು ಅದು. ಅಲುಗಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ. ಪಕ್ಕದ ಡಬ್ಬಿಯಲ್ಲಿ ಬೂದಿ ಬೆರೆಸಿಟ್ಟ ಬದನೆಯ ಬೀಜ. ಮುಂದಿನ ಮಳೆಗಾಲಕ್ಕೆ ಆ ಮನೆಯ ಬಂಡವಾಳ ಅಷ್ಟು. ಅದರ ಮೇಲೆ ಮಾತ್ರ ಯಾವ ಸಂಸ್ಥೆಗೂ ಕಂತು ಕಟ್ಟಬೇಕಾದುದಿಲ್ಲ.